ರಾಜಕುಮಾರಿಯ ಮಗಳ ಕವಲು

ಇದನ್ನು ಬರೆಯುವುದನ್ನು ನಾನು ಬಹಳ ವರ್ಷ ಮುಂದೆ ಹಾಕಿದೆ. ಮಕ್ಕಳ ಮದುವೆ ಆಗಲಿ ಎಂದುಕೊಂಡೆ. ಆಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದುಕೊಂಡೆ. ಪೊರೆ ತೆಗೆಸಿಯೂ ಆರು ವರ್ಷವಾಯಿತು. ಇನ್ನು ನೆವ ಉಳಿದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಠಾಣೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಮರಾಠಿ ಕೆಲಸವೇ ಹೆಚ್ಚು. ಕನ್ನಡದ್ದು ಬಂದರೆ ನನ್ನ ಪಾಲು. ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿಯಲ್ಲಿ ನಾನು, ಹೆಂಡತಿ, ಇಬ್ಬರು ಗಂಡುಮಕ್ಕಳು. ಪಕ್ಕದ ಖೋಲಿಯಲ್ಲಿ ಗಂಡನನ್ನು ಕಳೆದುಕೊಂಡ ನನ್ನ ಅಕ್ಕ ಮತ್ತು ಅವಳ ಒಬ್ಬಳೇ ಮಗಳು. ಅಕ್ಕ ಹತ್ತಿರದ ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿಗೆ ಕಲಿಸುತ್ತಿದ್ದಳು. ಹಟ ಹಿಡಿದು ಓದಿ ಬಿ.ಎ. ಮುಗಿಸಿದ್ದಳು. ಹೈಸ್ಕೂಲಿನ ಇತಿಹಾಸದ ಪಾಠ ತನಗೆ ಸಿಗಬೇಕು ಎಂಬುದೊಂದೇ ಅವಳ ಆಸೆ. ಹೆಡ್ಮಾಸ್ತರರು, "ಶಾಲೆಯ ಸಂಚಿಕೆಗೆ ಒಂದು ಲೇಖನ ಬರೀರಿ, ಕಮಿಟಿಯವ್ರು ನೋಡ್ಲಿ" ಎಂದಿದ್ದರು.

ಕಲ್ಯಾಣ್ ಸ್ಟೇಷನ್ ಹತ್ತಿರದ ರದ್ದಿ ಅಂಗಡಿಯಲ್ಲಿ ಅವಳಿಗೆ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅದರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಒಬ್ಬ ರಾಜಕುಮಾರಿಯ ಕತೆ. ಸಾವಿರ ವರ್ಷದ ಹಿಂದಿನದು. ಅವಳನ್ನು ಜರ್ಮನ್ ಚಕ್ರವರ್ತಿಯ ಮಗನಿಗೆ ಕೊಟ್ಟರು. ಬಸಳೆ ಸೋಸುತ್ತ ಅಕ್ಕ ಅದನ್ನು ನೆರೆಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದಳು. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೋದ ಕೂಡಲೇ ಅಲ್ಲಿಯವರು, ಇವಳು ನಾವು ಕೇಳಿದ ಹುಡುಗಿ ಅಲ್ಲ, ವಾಪಸ್ ಕಳಿಸಿ ಅಂದ್ರಂತೆ. ಗೊತ್ತುಂಟಾ?"

"ಮದುವೆಗೆ ಅಂತ ಕರೆಸಿದ ಮೇಲೆ ವಾಪಸ್ಸಾ?"

"ಹೌದು ಮಾರಾಯ, ನೀನು ನಿನ್ನೆ ಕೊಡೆ ವಾಪಸ್ ಮಾಡಿದ ಹಾಗೆ! ಆದ್ರೆ ಗಂಡ ಸತ್ತ ಮೇಲೆ ರಾಜ್ಯ ಆಳಿದ್ದು ಯಾರು? ಅವಳೇ. ಮಗ ದೊಡ್ಡವನಾಗಿ, ಮದುವೆಯಾಗದೆ ತೀರಿಹೋದ. ಸಂತಾನ ಉಳಿದದ್ದು ಮಗಳಿಂದ. ಆ ಮಗಳಿಗೆ ಹತ್ತು ಮಕ್ಕಳು, ಅದರಲ್ಲಿ ಏಳು ಹೆಣ್ಣು. ಒಬ್ಬಳು ಪೋಲೆಂಡಿಗೆ ರಾಣಿಯಾಗಿ ಹೋದಳು. ನೋಡು, ನಮ್ಮದೇ ಕಟ್ಟು!"

ನಮ್ಮದೇ ಕಟ್ಟು ಎಂದರೆ ಅಳಿಯಸಂತಾನ. ನಮ್ಮಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನಿಂದ. ಅಕ್ಕನ ಮಗಳು ನಮ್ಮ ಮನೆಯವಳು. ನನ್ನ ಗಂಡುಮಕ್ಕಳು ಅವರ ತಾಯಿಯ ಮನೆಯವರು. ಊರಿನಲ್ಲಿ ಇದು ನನಗೆ ನೀರು ಕುಡಿದಷ್ಟು ಸಹಜವಾಗಿತ್ತು. ಡೊಂಬಿವಲಿಗೆ ಬಂದು, ಮಕ್ಕಳ ಹೆಸರಿನ ಮುಂದೆ ಅಪ್ಪನ ಹೆಸರು ಬರೆಯುವ ಜನರ ನಡುವೆ ಇದ್ದು, ಅದು ಮುಳ್ಳಾಯಿತು. ಆ ವರ್ಷ ಮನೆಯ ದೈವದ ತಂಬಿಲ ಸೇವೆಯ ನಂತರ ಅಮ್ಮ ಊರಿನಿಂದ ಗಂಧಪ್ರಸಾದದ ಪೊಟ್ಟಣಗಳನ್ನು ಕಳಿಸಿದಳು. ಅಕ್ಕನಿಗೊಂದು, ಅವಳ ಮಗಳಿಗೊಂದು, ನನಗೊಂದು. ನನ್ನ ಕಿರಿಯವನು ಮರಾಠಿಯಲ್ಲಿ, "ಆಮ್ಚಂ ಕುಠೇ?" ಎಂದು ಕೇಳಿದ, ನಮ್ಮದೆಲ್ಲಿ ಎಂದು. ಅಕ್ಕ ನಕ್ಕು, "ನಿಮ್ಮದು ನಿಮ್ಮ ಅಮ್ಮನ ಮನೆಯಲ್ಲಿ ಉಂಟು ಮಗಾ" ಎಂದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಹೊಟ್ಟೆಯಲ್ಲಿ ಮಾತ್ರ ಅದು ಕರಗಲಿಲ್ಲ.

ಅದೇ ವಾರ ಲೇಖನ ಪ್ರೆಸ್ಸಿಗೆ ಬಂತು. ಜೊತೆಗೆ ಒಂದು ಹಾಳೆಯಲ್ಲಿ ಅಕ್ಕ ಸ್ಕೇಲು ಇಟ್ಟು ಎಳೆದ ವಂಶವೃಕ್ಷ. ಹತ್ತು ಮೊಮ್ಮಕ್ಕಳನ್ನು ಸಾಲಾಗಿ ಜೋಡಿಸಿದರೆ ಪುಟದ ಅಗಲ ಸಾಲುತ್ತಿರಲಿಲ್ಲ. ಅಂಥದ್ದನ್ನು ಏನು ಮಾಡಬೇಕೆಂದು ಈ ಕೆಲಸದವರಿಗೆಲ್ಲ ಗೊತ್ತು: ಪುಟಕ್ಕೆ ಅಡ್ಡಲಾಗಿ ಕೂರಿಸಬೇಕು. ಓದುವವರು ಪುಸ್ತಕ ತಿರುಗಿಸಿ ನೋಡುತ್ತಾರೆ. ಫೋರ್‌ಮನ್ ಕೂಡ ಹೋಗುತ್ತ ಅದನ್ನೇ ಹೇಳಿದ: "ಅಣ್ಣಾ, ಆಡವಂ ಲಾವ್ ನಾ."

ನಾನು ಅಡ್ಡ ಕೂರಿಸಲಿಲ್ಲ. ಮಗಳ ಕವಲನ್ನೇ ತೆಗೆದುಬಿಟ್ಟೆ. ರಾಜಕುಮಾರಿ, ಅವಳ ಗಂಡ, ಕೆಳಗೆ ಮಗ, ಅಷ್ಟೇ. ಪುಟ ಚೊಕ್ಕವಾಗಿ ಕೂತಿತು. ಪ್ರೂಫನ್ನು ಅಕ್ಕನಿಗೆ ತೋರಿಸದೆ, ಅವಳ ಸಹಿಯನ್ನು ನಾನೇ ಹಾಕಿದೆ. ಅವಳ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಜಾಗ ಸಾಲಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು.

ಸಂಚಿಕೆಯ ಕಟ್ಟುಗಳನ್ನು ಶಾಲೆಗೆ ಮುಟ್ಟಿಸಲು ನಾನೇ ಹೋದೆ. ಕಮಿಟಿಯವರು ಚಹಾ ಕುಡಿಯುತ್ತ ಕೂತಿದ್ದರು. ಹೆಡ್ಮಾಸ್ತರರು ವಿಜಯಪುರದ ಕಡೆಯವರು, ಮಾತು ಜೋರು. ಪುಟ ತೆರೆದವರೇ ಅಕ್ಕನನ್ನು ಕರೆದರು.

"ಬಾಯಾರ, ಲೇಖನದಾಗ ಮನೆತನ ಮಗಳಿಂದ ಬೆಳೀತು ಅಂತೀರಿ. ಚಿತ್ರದಾಗ ನೋಡಿದ್ರ ಮಗಳೇ ಇಲ್ಲಲ್ರಿ! ಮಗನ ಕೂಡ ಗಿಡಾನೂ ಒಣಗೇತಿ!"

ಎಲ್ಲರೂ ನಕ್ಕರು. ಕಮಿಟಿಯಲ್ಲಿದ್ದ ಹೋಟೆಲಿನವರೊಬ್ಬರು, "ಹೈಸ್ಕೂಲ್ ಮಕ್ಕಳಿಗೂ ಹೀಗೇ ಕಲಿಸಿದ್ರೆ ಎಂತ ಗತಿ ಮಾರ್ರೆ" ಎಂದರು.

ಅಕ್ಕ ಪುಟವನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಾನು ಕೊಟ್ಟ ಹಾಳೆಯಲ್ಲಿ ಮಗಳ ಕಡೆ ಇತ್ತಲ್ಲ? ನೀನಾದರೂ ಹೇಳು."

ನಾನು ಕಟ್ಟಿನ ಹುರಿ ಬಿಚ್ಚುತ್ತಿದ್ದೆ. ತಲೆ ಎತ್ತದೆ, "ಕೊಟ್ಟ ಹಾಗೇ ಜೋಡಿಸಿದ್ದೇನೆ. ಪ್ರೂಫಿಗೆ ನೀನೇ ಸಹಿ ಹಾಕಿದ್ದಿ" ಎಂದೆ.

ಪ್ರೂಫನ್ನು ಕಣ್ಣಿನಿಂದಲೂ ನೋಡದವಳು ಅವಳು. ಆ ಕ್ಷಣದಲ್ಲೇ ಅವಳಿಗೆ ಎಲ್ಲ ತಿಳಿಯಿತು. ಸಹಿ ತನ್ನದಲ್ಲ ಎಂದು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅದೂ ಅವಳಿಗೆ ತಿಳಿದಿತ್ತು. "ಹೌದು ಸರ್, ನಾನೇ ನೋಡಿದ್ದು. ಕಣ್ತಪ್ಪಿದೆ" ಎಂದಳು. ಇತಿಹಾಸದ ಪಾಠ ಬೇರೆಯವರಿಗೆ ಹೋಯಿತು.

ಮನೆಗೆ ಬಂದು ಜಗಳವಾಡುತ್ತಾಳೆ ಎಂದು ಕಾದೆ. ಆಡಲಿಲ್ಲ. ಸಂಜೆ ಮಗಳ ಕೈಯಲ್ಲಿ ಎಂದಿನಂತೆ ಬಸಳೆ ಗಸಿ ಕಳಿಸಿದಳು. ರಾಜಕುಮಾರಿಯ ಮಾತನ್ನು ಮಾತ್ರ ಮತ್ತೆಂದೂ ಎತ್ತಲಿಲ್ಲ. ಕೊನೆಯವರೆಗೂ ಮೂರನೆಯ ತರಗತಿಗೇ ಕಲಿಸಿದಳು.

ಎಂಬತ್ತರ ದಶಕದಲ್ಲಿ ಅವಳು ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ನಾನು ಹನ್ನೊಂದು ದಿನವೂ ಹೋದೆ, ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಒಂದು ದಿನ ಅವಳೇ ಕೇಳಿದಳು: "ಆ ಮಗಳ ಕವಲು, ಇಟ್ಟಿದ್ದೀಯಾ, ಬಿಸಾಡಿದೆಯಾ?"

"ಯಾವುದು?" ಎಂದೆ.

ಅವಳು "ಹೋಗಲಿ, ಲೋಕಲ್‌ಗೆ ರಶ್ ಆಗುವ ಮೊದಲು ಹೊರಡು" ಎಂದಳು.

ಅಕ್ಕ ತೀರಿಹೋದ ಮೇಲೆ ನೆರೂಳ್ ಕಡೆ ಮನೆ ಮಾಡಿದ್ದ ಅವಳ ಮಗಳಿಗೆ ಹಾಳೆಯನ್ನು ಕೊಟ್ಟು, ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವಳ ಸೊಂಟದಲ್ಲಿ ಹೆಣ್ಣುಕೂಸಿತ್ತು. ಕೂಸಿನ ಕೈಗೆ ಸಿಗದಂತೆ ಹಾಳೆಯನ್ನು ಎತ್ತಿ ಹಿಡಿದು ಕೊನೆಯ ಸಾಲಿನವರೆಗೂ ಓದಿದಳು.

"ಮುಝೇ ಕ್ಯೋಂ ಬೋಲ್ ರಹೇ ಹೋ, ಮಾವ? ಅಮ್ಮನಿಗೆ ಹೇಳಬೇಕಿತ್ತು."

ನಿಜ. ಆಮೇಲೆ ಹೆಡ್ಮಾಸ್ತರರಿಗೂ ಪತ್ರ ಬರೆದೆ, ನನ್ನ ಮಕ್ಕಳಿಗೂ ಹೇಳಿದೆ. ಕೇಳಿದವರೆಲ್ಲ ಕ್ಷಮಿಸಿದರು, ಅವರದ್ದು ಹೋಗಿದ್ದೇನೂ ಇರಲಿಲ್ಲ. ನಾನು ಕ್ಷಮೆ ಕೇಳದೆ ಉಳಿದವಳು ಒಬ್ಬಳೇ, ನನ್ನ ಅಕ್ಕ.