ಎರಡು ಹೆಸರಿನ ಹುಡುಗಿ

ಒಂಟಿಕೊಪ್ಪಲಿನಲ್ಲಿ ಮಹಡಿ ಕಟ್ಟಿಸಿದವರೆಲ್ಲ ಹೊರದೇಶದ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಕಾಲ ಅದು. ನಮ್ಮ ಮಹಡಿಗೂ ಇರಾನಿನಿಂದ ಒಂದು ಕುರ್ದ್ ಸಂಸಾರ ಬಂತು. ಗಂಡ ಪಿಎಚ್‌ಡಿ ಮಾಡಲು ಬಂದವರು. ಮಗಳು ಫಾತಿಮಾ ನನ್ನ ವಾರಿಗೆಯವಳು, ನನ್ನದೇ ಕ್ಲಾಸು. ಅವರ ಮನೆಯಲ್ಲಿ ಒಣಗಿಸಿದ ನಿಂಬೆಹಣ್ಣಿನ ವಾಸನೆ. ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಹಾಲಿಲ್ಲದ ಟೀ ಕುಡಿಯುವುದನ್ನು ಅಲ್ಲೇ ಕಲಿತೆ.

ಕುಂಟೆಬಿಲ್ಲೆಯಲ್ಲಿ ಅವಳು ನನ್ನನ್ನು ಸೋಲಿಸುತ್ತಿದ್ದಳು. ಅದನ್ನಾದರೂ ಸಹಿಸಿಕೊಂಡಿದ್ದೆ. ಹೊಟ್ಟೆ ಉರಿದದ್ದು ಅವಳಿಗೆ ಇನ್ನೊಂದು ಹೆಸರಿದೆ ಎಂದು ಗೊತ್ತಾದಾಗ.

"ಅವಳ ನಿಜವಾದ ಹೆಸರು ನಿಶ್ತಿಮಾನ್ ಕಣೇ, ತಾಯ್ನಾಡು ಅಂತ ಅರ್ಥವಂತೆ" ಅಂದಳು ಅಮ್ಮ. "ಕುರ್ದಿ ಹೆಸ್ರು ಅಂತ ಅಲ್ಲಿ ಆಫೀಸ್ನೋರು ಅದನ್ನ ಬರ್ಕೊಳಕ್ಕಾಗಲ್ಲ ಅಂದ್ಬುಟ್ರಂತೆ. ಹೊರಗೆ ಎಲ್ಲೂ ಬಾಯಿ ಬಿಡ್ಬೇಡ, ಅವರ ದೇಶದೋರ ಕಿವಿಗೆ ಬಿದ್ರೆ ಸರ್ಕಾರಕ್ಕೆ ಹೋಗಿ ಹೇಳ್ಬಿಡ್ತಾರಂತೆ."

ನನಗಿದ್ದದ್ದು ಒಂದೇ ಹೆಸರು, ಸುಮಾ. ಕ್ಲಾಸಿನಲ್ಲಿ ನಾಲ್ಕು ಜನ ಸುಮಾ ಇದ್ದೆವು. ನನ್ನ ಹೆಸರನ್ನು ಯಾರೂ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಅವಳ ಚಿಕ್ಕಪ್ಪ ಮನೆಯಲ್ಲಿ ಮಕ್ಕಳಿಗೆ ಕುರ್ದಿ ಅಕ್ಷರ ಕಲಿಸಿದ್ದಕ್ಕೆ ಜೈಲಿನಲ್ಲಿದ್ದರು. ನಮಗೇ ಅಂತ ಬೇರೆ ದೇಶ ಬೇಡ, ನಮ್ಮ ಭಾಷೆಯಲ್ಲೊಂದು ಶಾಲೆ, ಎಲ್ಲರಿಗೂ ಒಂದೇ ಕಾನೂನು, ಬೆಲೆಯಿರುವ ಒಂದು ಓಟು ಸಾಕು ಎಂದು ಅವಳಪ್ಪ ನಮ್ಮಪ್ಪನಿಗೆ ಹೇಳುವುದು ಕೇಳಿಸುತ್ತಿತ್ತು. ನನಗೆ ಅದರ ಮೇಲೂ ಅಸೂಯೆಯೇ. ನಮ್ಮ ಚಿಕ್ಕಪ್ಪ ಸೀಟಿನ ಮೇಲೆ ಟವೆಲ್ ಹಾಕಿ ಬಸ್ಸಿನಲ್ಲಿ ಜಗಳವಾಡಿದ್ದು ಬಿಟ್ಟರೆ ಇನ್ನೇನೂ ಮಾಡಿರಲಿಲ್ಲ.

ಒಂದು ಭಾನುವಾರ ಅಮ್ಮ ಮೊದಲ ದೋಸೆಗೆ ಬೆಣ್ಣೆ ಹಾಕಿ, "ನಿಶ್ತಿ, ಬಾ ಮಗಾ" ಎಂದು ಅವಳಿಗೇ ಕೊಟ್ಟಳು. ನನ್ನನ್ನು ಯಾವತ್ತೂ ಅಷ್ಟು ಮೆತ್ತಗೆ ಕರೆದವಳಲ್ಲ. ದೋಸೆ ಮುಟ್ಟದೆ ಬೀದಿಗೆ ಹೋದೆ. ಗೇಟಿನ ಹತ್ತಿರ ಅವಳಪ್ಪ ತಮ್ಮ ದೇಶದವರೇ ಇಬ್ಬರ ಜೊತೆ ಮಾತಾಡುತ್ತಿದ್ದರು. ಆಡಲು ಬಿಲ್ಲೆ ಹಿಡಿದು ಹಿಂದೆಯೇ ಬಂದ ಅವಳನ್ನು ನೋಡಿ ಕೂಗಿಬಿಟ್ಟೆ: "ಏ ನಿಶ್ತಿಮಾನ್! ಸುಳ್ಳು ಹೆಸರಿನೋಳೇ!"

ಅವರಲ್ಲೊಬ್ಬ ನಗುತ್ತಾ ಆ ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡ. ನಾನೂ ಹೇಳಿದೆ. ಅವಳಪ್ಪನ ಮುಖ ಬಿಳುಚಿಕೊಂಡಿತು. ಅವಳು ಅಳಲಿಲ್ಲ, ಬಿಲ್ಲೆಯನ್ನು ನನ್ನ ಕೈಗಿಟ್ಟು ಮಹಡಿ ಹತ್ತಿದಳು.

ಮುಂದಿನ ತಿಂಗಳು ಮನೆ ಖಾಲಿ ಮಾಡಿದರು. ಬನ್ನಿಮಂಟಪದ ಕಡೆ ಹೋದರಂತೆ, ಆಮೇಲೆ ಇರಾನಿಗೇ ವಾಪಸಾದರಂತೆ. ನನ್ನಿಂದಲೇ ಅಂತ ಯಾರೂ ಹೇಳಲಿಲ್ಲ. ಅಮ್ಮ ಮಾತ್ರ ಬೆಣ್ಣೆ ಹಾಕುವಾಗ ಒಂದು ಗಳಿಗೆ ಕೈ ತಡೆಯುತ್ತಿದ್ದಳು. ಈಗಲೂ ತಡೆಯುತ್ತಾಳೆ. ಆ ಬೆಣ್ಣೆ ದೋಸೆ ಆಮೇಲೆ ನನ್ನದೇ ಆಯಿತು, ರುಚಿ ಮಾತ್ರ ಹತ್ತಲಿಲ್ಲ.

ಹೋದ ವರ್ಷ ನನ್ನ ಮಗಳ ಹೆಸರನ್ನು ಜನನ ಪತ್ರದಲ್ಲಿ ಬರೆಸಲು ಕಚೇರಿಗೆ ಹೋಗಿದ್ದೆ. ಗುಮಾಸ್ತರು ತಲೆ ಎತ್ತದೆ, "ಹೆಸ್ರೇನಮ್ಮಾ?" ಅಂದರು. ಹೇಳಿದೆ. ಏನೂ ಕೇಳದೆ ಬರೆದುಕೊಂಡರು. ನಾನು ನಿಂತೇ ಇದ್ದೆ.

"ಆಯ್ತಲ್ಲಮ್ಮಾ, ಇನ್ನೇನು?"

ಇಷ್ಟೇ ಕೆಲಸ. ನಿಶ್ತಿ ನನ್ನ ಪಕ್ಕದಲ್ಲಿ ನಿಂತು ಇದನ್ನು ನೋಡಿದ್ದರೆ, ಹೊಟ್ಟೆ ಉರಿದುಕೊಳ್ಳುವ ಸರದಿ ಅವಳದಾಗಿರುತ್ತಿತ್ತು.