ಕಣಕದ ಬಟ್ಟಲು, ಕೆಂಪು ಎಳೆ

ನಿನ್ನೆ ವಿಶಾಖಪಟ್ಟಣದ ನಮ್ಮ ಅಡುಗೆಮನೆಯಲ್ಲಿ ಮಗಳು ಹೋಳಿಗೆ ಕಲಿಯಲು ಕೂತಿದ್ದಳು. ಕಣಕದ ಉಂಡೆಗೆ ಹೆಬ್ಬೆರಳು ಒತ್ತಿ ಬಟ್ಟಲು ಮಾಡಿದಳು. ಏಲಕ್ಕಿ ಹಾಕಿದ ಹೂರಣದ ಬಿಸಿ ವಾಸನೆ... ವಿಜಯವಾಡದ ಮೇಲಿನ ಮನೆಯ ಮೇಡಂ ಎದುರಿಗೆ ಬಂದು ಕೂತಂತಾಯಿತು.

ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದಾಗ ಬೆಂಜ್ ಸರ್ಕಲ್ ಹಿಂದೆ ಮನೆ ಹಿಡಿದಿದ್ದೆವು. ಮೇಲಿನ ಮಹಡಿಯಲ್ಲಿ ಮೇಡಂ. ಧಾರವಾಡದ ಹೆಣ್ಣು, ತೆಲುಗರ ಸೊಸೆ; ಮಾತಿನ ನಡುವೆ 'ಅಲ್ಲವೇ' ಬದಲು ತೆಲುಗಿನ 'ಕದಾ'. ಗರ್ಭದಲ್ಲಿ ಕೂಸು ಹೇಗೆ ರೂಪುಗೊಳ್ಳುತ್ತದೆ ಎಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಾಠ ಮಾತ್ರ ನಿವೃತ್ತಿಯಾಗಿರಲಿಲ್ಲ. ಬದನೆಕಾಯಿ ಹೆಚ್ಚುವಾಗಲೂ ಬೀಜ ತೋರಿಸಿ ಏನಾದರೊಂದು ಹೇಳುತ್ತಿದ್ದರು. ನನಗೆ ಅವರೆಂದರೆ ಸಲಿಗೆ, ಸ್ವಲ್ಪ ಹೆದರಿಕೆಯೂ.

ನಾನಾಗ ಏಳು ತಿಂಗಳ ಬಸುರಿ, ಚೊಚ್ಚಲು. ಸೀಮಂತದ ಕುಬಸ ಮುಗಿಸಿ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ಯಲು ಅವ್ವ ಬಂದಿದ್ದಳು. ಎಂಟರಲ್ಲಿ ಬಸುರಿ ಪ್ರಯಾಣ ಮಾಡುವಂತಿಲ್ಲ, ಆದ್ದರಿಂದ ಆ ವಾರವೇ ರೈಲು. ಆದರೆ ನನಗೆ ಆಗಾಗ ನೋವು ಬರುತ್ತಿತ್ತು. ಓಡಾಡಿದರೆ ಹೆರಿಗೆ ಬೇಗ ಆದೀತು, ಮಲಗಿರಿ ಎಂದು ಡಾಕ್ಟರು ಹೇಳಿದ್ದರು. ಅವ್ವ ಕೇಳಬೇಕಲ್ಲ!

"ಏಳರಾಗ ಹುಟ್ಟಿದ ಕೂಸು ಉಳೀತದ್ರಿ. ಎಂಟರದ್ದು ಉಳಿಯೂದಿಲ್ಲ," ಎಂದಳು, ಕುಬಸದ ಹೋಳಿಗೆಗೆ ಕಣಕ ನಾದುತ್ತ.

ಸಹಾಯಕ್ಕೆ ಇಳಿದು ಬಂದಿದ್ದ ಮೇಡಂ ವಾದ ಮಾಡಲಿಲ್ಲ. ಒಂದು ಉಂಡೆ ಎತ್ತಿಕೊಂಡು ಬಟ್ಟಲು ಮಾಡಿದರು. ತಮ್ಮ ಮಂಗಳಗಿರಿ ಸೀರೆಯ ಸೆರಗಿನಿಂದ ಕೆಂಪು ಎಳೆಯೊಂದನ್ನು ಕಿತ್ತು, ಮುದ್ದೆ ಮಾಡಿ ಒಳಗಿಟ್ಟರು.

"ನೋಡ್ರಮ್ಮಾ, ಇದು ನಿಮ್ಮ ಮೊಮ್ಮಗುವಿನ ಕಿಡ್ನಿಯೊಳಗ ರಕ್ತ ಸೋಸೂ ಜರಡಿ. ಮೊದಲು ಒಂದು ಸಣ್ಣ ಗಂಟು. ಆಮ್ಯಾಲೆ ಹಾವಿನ್ಹಂಗ ಹೊರಳ್ತದ. ಅದರ ಮಡಿಕಿಯೊಳಗ ರಕ್ತದ ಎಳಿ ಹೊಕ್ಕು ಸುತ್ತಿಕೊಳ್ತದ, ಬಟ್ಟಲು ಅದನ್ನ ಅಪ್ಪಿಕೊಳ್ತದ. ಇಂಥಾವು ಲಕ್ಷಗಟ್ಟಲೆ. ಒಂಬತ್ತರ ಹೊಸ್ತಿಲತನಕ ಹೊಸಾವು ಹುಟ್ಟತಾವ. ಎಂಟು ಕೆಟ್ಟದ್ದಲ್ಲ, ಭಾಳ ಕೆಲಸದ ತಿಂಗಳು. ಏಳರ ಕೂಸು ಉಳೀಬಹುದು ಕದಾ, ಆದ್ರ ಹೊರಗ ಬಂದ ಮ್ಯಾಲೆ ಈ ಕೆಲಸ ನೆಟ್ಟಗ ನಡಿಯೂದಿಲ್ಲ. ನಿಂತ್ರ, ಜೀವಮಾನಕ್ಕೂ ಹೊಸದೊಂದು ಹುಟ್ಟೂದಿಲ್ಲ."

ಅವ್ವ ಆ ಎಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಂಗಾರ ಕೂಸು ಒಳಗ ಕೆಲಸ ಮುಗಸ್ಲಿ ಬಿಡ್ರಿ," ಎಂದು, ಟಿಕೆಟ್ ರದ್ದು ಮಾಡಲು ನನ್ನ ಗಂಡನಿಗೆ ಹೇಳಿದಳು.

ತವರೇ ವಿಜಯವಾಡಕ್ಕೆ ಬಂದು ನಿಂತಿತು. ಮಲಗಿದಲ್ಲೇ ಮಲಗಿದ್ದ ಆ ದಿನಗಳಷ್ಟು ಸುಖ ನನಗೆ ಮತ್ತೆ ಸಿಕ್ಕಿಲ್ಲ. ಬೆಳಗ್ಗೆ ಮೇಡಂ ಇಳಿದು ಬಂದು ಹೊಟ್ಟೆ ನೋಡಿ, "ಇವತ್ತೂ ಕೆಲಸ ನಡದದ," ಎನ್ನುವರು. ದಿನ ತುಂಬಿಯೇ ಮಗಳು ಹುಟ್ಟಿದಳು. ಎತ್ತಿಕೊಂಡ ಗಳಿಗೆಯಲ್ಲೇ ಉಚ್ಚೆ ಹೊಯ್ದು ಮೇಡಂ ಸೀರೆ ತೋಯಿಸಿಬಿಟ್ಟಳು. "ಪಾಸಾದ್ಲು!" ಎಂದು ಅವರು ಹಿಗ್ಗಿದ ಪರಿ...

ಮೇಡಂ ತೀರಿಕೊಂಡು ವರ್ಷವಾಯಿತು. ಅವರ ಸೊಸೆ ಫೋನು ಮಾಡಿ ತಿಳಿಸಿದ್ದಳು.

ನಿನ್ನೆ ಮಗಳ ಬಟ್ಟಲಿಗೆ ನಾನೂ ಒಂದು ಕೆಂಪು ನೂಲು ಮುದ್ದೆ ಮಾಡಿ ಇಟ್ಟೆ. "ಅಮ್ಮಾ, ಏಮಿಟಿದಿ?" ಎಂದು ತೆಲುಗಿನಲ್ಲೇ ಇದೇನೆಂದು ಕೇಳಿ ನಕ್ಕಳು. ಹೇಳಹೊರಟೆ. ಗಂಟು ಬಂತು, ಹಾವು ಬಂತು... ಮುಂದಿನದು ಮೇಡಂ ಬಾಯಲ್ಲೇ ಬರಬೇಕು. ಮಹಡಿಯಿಂದ ಇಳಿದು ಬಂದು ಪಾಠ ಪೂರ್ತಿ ಮಾಡಲು ಅವರಿಲ್ಲ.

"ನಿಂದೇ ಕಿಡ್ನಿ ಅದು," ಎಂದೆ. "ಮೇಲಿನ ಮನೆ ಅಜ್ಜಿ ಒಬ್ರು ಕಾಯ್ದು ಮುಗಿಸಿಕೊಟ್ಟಿದ್ದು."