ರಾಮದುರ್ಗಕ್ಕೆ ಒಯ್ದ ಬನ್ನಿ ಎಲೆ

ದಸರಾ ಮುಗಿದ ನಾಲ್ಕನೆಯ ದಿನ, ಬೆಳಿಗ್ಗೆ ಎಂಟಕ್ಕೆ ಬೈಲಹೊಂಗಲದಲ್ಲಿ ಯರಗಟ್ಟಿ ಬಸ್ಸು ಹತ್ತಿದೆ. ಜೇಬಿನ ಒದ್ದೆ ಕರವಸ್ತ್ರದಲ್ಲಿ ಒಂದು ಹಿಡಿ ಬನ್ನಿ ಎಲೆ ಇತ್ತು. ಪರಿಸರ ಪಾಠ ಹೇಳಿದ ಶಿಕ್ಷಕರಿಗೂ ಅದೇ ವಿಷಯ ಓದಿ ಹೆಸರು ಮಾಡಿದ ಪದವೀಧರರಿಗೂ ಅಂದು ರಾಮದುರ್ಗದಲ್ಲಿ ಸತ್ಕಾರ. ಅವರಲ್ಲಿ ಶಕುಂತಲಾ ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಇದ್ದರು. ಅವರನ್ನು ನಮ್ಮೂರ ಶಾಲೆಯಿಂದ ಓಡಿಸಿದವನು ನಾನು. ಅದನ್ನು ಅವರ ಮುಂದೆ ಒಪ್ಪಿಕೊಳ್ಳಲೆಂದೇ ಹೊರಟಿದ್ದೆ.

ನಿರ್ವಾಹಕ ನನಗೆ ಟಿಕೆಟ್ ಹರಿದಾಗ ಪಕ್ಕದ ಮುದುಕಿ ನಕ್ಕಳು. "ಯಣ್ಣಾ, ನಿನಗ ತಿಕೀಟ, ನಮಗ ಪುಕ್ಕಟ. ಮುಂದಿನ ಜನ್ಮಕ್ಕ ಹೆಣ್ಣಾಗಿ ಹುಟ್ಟಪಾ." ಆಮೇಲೆ ಕರವಸ್ತ್ರ ನೋಡಿ, "ಬನ್ನಿ ಯಾರಿಗಿ?" ಎಂದಳು.

"ಒಬ್ಬ ಅಕ್ಕೋರಿಗವ್ವಾ."

"ಅಯ್ಯ, ಸಣ್ಣವರು ಬಂದು ಬನ್ನಿ ಕೊಟ್ಟು ಕಾಲ ಬೀಳಬೇಕು. ಹಿರ್ಯಾ ನೀನ ಹೊತಗೊಂಡ ಹೊಂಟಿಯಲ್ಲ!"

ನಾನು ಕಿಟಕಿಯತ್ತ ತಿರುಗಿದೆ. ಕಪ್ಪು ಮಣ್ಣಿನ ಎರಿ ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತಿಗೆ ನಡೆದಿತ್ತು.

ಆಗ ನಮ್ಮೂರ ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ಬನ್ನಿ ಗಿಡವಿತ್ತು. ದಸರಾ ಬಂದರೆ ಕೊಡಲಿ ಹಿಡಿದು ಟೊಂಗೆ ಟೊಂಗೆಯೇ ಕಡಿದು ತರುತ್ತಿದ್ದೆವು. ದೊಡ್ಡ ಗೊಂಚಲು ಕೊಟ್ಟವನೇ ದೊಡ್ಡ ಮನುಷ್ಯ. ಎಲೆ ಬಿಡಿಸಿಕೊಳ್ಳಿ, ಟೊಂಗೆ ಕಡಿಯಬೇಡಿ ಎಂದು ಅಕ್ಕೋರು ಮಕ್ಕಳಿಗೆ ಕಲಿಸಿದ್ದರು. ಆ ವರ್ಷ ಮಕ್ಕಳು ಕೈ ಕೈ ಹಿಡಿದು ಗಿಡದ ಸುತ್ತ ನಿಂತರು. ನಾನು ಶಾಲಾ ಸಮಿತಿಯ ಅಧ್ಯಕ್ಷ. ಹಿಡಿದ ಕೈಗಳನ್ನು ಬಿಡಿಸಿ ಒಳಗೆ ನುಗ್ಗಿ, ಹಟಕ್ಕೆ ಬಿದ್ದು ಟೊಂಗೆಗಳನ್ನೆಲ್ಲ ಕಡಿದು ಗಿಡ ಬೋಳು ಮಾಡಿದೆ. ಗಿಡ ಒಣಗಿತು. ಸಾಲದ್ದಕ್ಕೆ, ಈ ಅಕ್ಕೋರು ಮಕ್ಕಳಿಗೆ ಧರ್ಮ ಬಿಡಿಸುತ್ತಾರೆಂದು ಸುಳ್ಳು ಅರ್ಜಿ ಬರೆದು ಊರವರ ಹೆಬ್ಬೆಟ್ಟು ಒತ್ತಿಸಿದೆ. ಎರಡು ತಿಂಗಳಲ್ಲಿ ಅವರಿಗೆ ವರ್ಗವಾಯಿತು.

ಯರಗಟ್ಟಿಯಲ್ಲಿ ಚಹಾ ಕುಡಿದು ರಾಮದುರ್ಗದ ಬಸ್ಸು ಹಿಡಿದೆ. ರಸ್ತೆಯ ಅರ್ಧ ಅಗಲಕ್ಕೆ ಗೋವಿನಜೋಳ ಒಣಹಾಕಿದ್ದರಿಂದ ಬಸ್ಸು ತೆವಳುತ್ತ ಸಾಗಿತು. ತಲುಪಿದಾಗ ಶಾಲು ಹೊದಿಸುವುದು ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ ಕುಳಿತೆ. ಕೆರೆಗಳ ನೀರು ಪರೀಕ್ಷಿಸುವ ಕೆಲಸದಲ್ಲಿರುವ ನಮ್ಮೂರ ರೇಣುಕಾಳಿಗೂ ಸತ್ಕಾರವಾಯಿತು. "ನನ್ನ ಮೊದಲನೇ ಪಾಠ ಒಂದು ಬನ್ನಿ ಗಿಡದ ಬುಡಕ್ಕ ಆತು," ಎಂದಳು. ಅಂದು ಗಿಡದ ಸುತ್ತ ನಿಂತ ಮಕ್ಕಳಲ್ಲಿ ಅವಳೂ ಒಬ್ಬಳು. ನಾನು ತಲೆ ತಗ್ಗಿಸಿದೆ.

ಊಟದ ಹೊತ್ತಿಗೆ ಅಕ್ಕೋರ ಮುಂದೆ ನಿಂತೆ. ತಕ್ಷಣ ಗುರುತಿಸಿದರು.

"ಬಸಪ್ಪನವರ, ಬರ್ರಿ! ಊಟ ಆತೇನ್ರಿ?" ನಾನು ಬನ್ನಿ ಮುಂದೆ ಹಿಡಿದದ್ದು ಕಂಡು, "ಹಿರಿಯಾರು ನೀವು, ಮೊದಲ ನಾ ಕೊಡಬೇಕ್ರಿ," ಎಂದರು.

"ಅಕ್ಕೋರ, ಆ ಸುಳ್ಳ ಅರ್ಜಿ ಬರದಾಂವ ನಾನ್ರಿ."

"ಗೊತ್ತೈತ್ರಿ. ಹೆಬ್ಬಟ್ಟ ಒತ್ತೋರ ಊರಾಗ ಬರ್ಯಾವ್ರು ನೀವೊಬ್ಬರ ಇದ್ರಿ!" ಅವರು ನಕ್ಕರು. ನನಗೆ ನಗು ಬರಲಿಲ್ಲ.

"ತಪ್ಪಾತ್ರಿ."

ಅಕ್ಕೋರು ಎಲೆಗಳನ್ನು ಅಂಗೈಯಲ್ಲಿ ಹರಡಿ ನೋಡಿದರು. "ಟೊಂಗಿ ಮುರದಿಲ್ಲಲ್ಲ?"

"ಇಲ್ರಿ. ಒಂದೊಂದ ಬಿಡಿಸೇನ್ರಿ."

ಒಂದೇ ಎಲೆ ಇಟ್ಟುಕೊಂಡು ಉಳಿದದ್ದನ್ನು ನನ್ನ ಕೈಗೇ ಕೊಟ್ಟರು. "ನನಗ ಇಷ್ಟ ಸಾಕ್ರಿ. ನಾ ಎಲ್ಲಿ ಹೋದ್ರೂ ಪಾಠ ಹೇಳಿದೆ. ಅವತ್ತ ಅಳಕೋತ ಮನೀಗೆ ಹೋದ ಹುಡುಗೂರ ಪಾಲು ಇದು. ಒಬ್ಬಾಕಿ ಅಲ್ಲೇ ಅದಾಳ, ಹೋಗ್ರಿ."

ನಾನು ಹತ್ತಿರ ಹೋದಾಗ ರೇಣುಕಾ ತಟ್ಟೆ ಕೆಳಗಿಟ್ಟು ಎದ್ದು ನಿಂತಳು. ಅವಳಿಗೂ ಅದನ್ನೇ ಹೇಳಿದೆ.

"ಕಾಕಾ, ಅವತ್ತ ನಾ ಅತ್ತದ್ದು ನಿಮ್ಮ ಕೊಡ್ಲಿಗೆ ಅಂಜಿ ಅಲ್ರಿ. ಬಾಜೂದಾಕಿ ಕೈ ನಾ ಬಿಟ್ಟೆ, ಅದಕ್ಕ ಗಿಡಾ ಹೋತು ಅಂತ."

"ನೀ ಬಿಡಲಿಲ್ಲವ್ವಾ. ನಾ ಬಿಡಿಸಿದೆ."

ಅವಳು ಎಲೆ ತೆಗೆದುಕೊಂಡಳು. ಕಾಲಿಗೆ ಬೀಳಲಿಲ್ಲ, ಅದು ಸರಿಯೇ ಅನಿಸಿತು. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಏನೋ ಬರೆದುಕೊಟ್ಟಳು.

ಮರಳುವಾಗ ಬಸ್ಸಿನಲ್ಲಿ ಅದನ್ನು ಬಿಡಿಸಿ ಓದಿದೆ. ಅಂದು ಗಿಡದ ಸುತ್ತ ನಿಂತಿದ್ದವರ ಹೆಸರುಗಳು. ಕಿತ್ತೂರಿನಲ್ಲಿ ಒಬ್ಬ ಲಾರಿ ಓಡಿಸುತ್ತಾನೆ, ಚಚಡಿಗೆ ಒಬ್ಬಳನ್ನು ಕೊಟ್ಟಿದ್ದಾರೆ. ಎಲ್ಲಕ್ಕಿಂತ ಮೇಲೆ, ರೇಣುಕಾ ಕೈ ಹಿಡಿದಿದ್ದ ಹುಡುಗಿಯ ಹೆಸರು; ಅದರ ಮುಂದೆ ವಿಳಾಸ: ಸವದತ್ತಿ, ಹೊಲಿಗೆ ಅಂಗಡಿ.

ಯರಗಟ್ಟಿಯಲ್ಲಿ ಇಳಿದು ಉಳಿದ ಎಲೆ ಸುತ್ತಿದ ಕರವಸ್ತ್ರವನ್ನು ನಳದ ಕೆಳಗೆ ಮತ್ತೆ ಒದ್ದೆ ಮಾಡಿದೆ. ಬೈಲಹೊಂಗಲದ ಬಸ್ಸು ಹೊರಡಲು ನಿಂತಿತ್ತು.

"ಹತ್ರಿ ಅಜ್ಜಾರ, ಬಿಡತೇವಿ," ಎಂದ ನಿರ್ವಾಹಕ.

ಸವದತ್ತಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಅವನನ್ನೇ ಕೇಳಿದೆ.